ಸವರಿದವರು, ಸವೆಸುವವರು

ನಡೆದು ಹೋಗುವವನಿಂದ ಯಾರಿಗೂ ಕೇಡಿಲ್ಲ ಎಂಬ ಮಾತನ್ನು ಈಗ ಯಾರೂ ತಿರುಗಿ ಪ್ರಶ್ನಿಸುವುದಿಲ್ಲ. ಕಾರಿನಲ್ಲಿ ಬಂದು, ರೆಸಾರ್ಟಿನಲ್ಲಿ ಕುಡಿದು ಕುಣಿದು, ಹೊಳೆಗೆ ಬಾಟಲಿ ಎಸೆದು ಹೋಗುವವರನ್ನು ಬೈಯಲು ನಾವೆಲ್ಲ ಒಂದೇ ದನಿ. ಅದೇ, ಬೆನ್ನಿಗೊಂದು ಚೀಲ ಏರಿಸಿ, ಗೈಡ್ ಒಬ್ಬನನ್ನು ಮುಂದೆ ಬಿಟ್ಟುಕೊಂಡು, ಮಲೆನಾಡಿನ ಹಳೇ ಮನೆಗಳಲ್ಲಿ ಉಳಿದು, ಕಾಲುದಾರಿಯಲ್ಲಿ ಗುಡ್ಡ ಹತ್ತಿಳಿದು ಬರುವವರ ಬಗ್ಗೆ ಒಂದು ಮಾತು ಆಡಿ ನೋಡಿ. ‘ಅವರಾದರೂ ಒಳ್ಳೆಯವರಲ್ಲವೇ? ಪರಿಸರದ ಕಾಳಜಿ ಇದೆ, ಹಳ್ಳಿಗೆ ನಾಲ್ಕು ಕಾಸು ಬರುತ್ತದೆ, ಹಳೆಯದೆಲ್ಲ ಉಳಿಯುತ್ತದೆ’ ಎಂದು ಮೇಲೆ ಬೀಳುತ್ತಾರೆ. ಈ ಮೂರು ಮಾತೂ ಅರ್ಧ ಸುಳ್ಳು. ಪೂರಾ ಸುಳ್ಳಾಗಿದ್ದರೆ ನಾನು ಇಷ್ಟುದ್ದ ಬರೆಯಬೇಕಾಗಿರಲಿಲ್ಲ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಈ ಸುಳ್ಳಿನಲ್ಲಿ ನನ್ನದೂ ಪಾಲಿದೆ. ಹದಿನೆಂಟು ವರ್ಷದ ಹಿಂದೆ ವಾರಪತ್ರಿಕೆಯೊಂದಕ್ಕೆ ಕಳಸದ ಕಡೆಯ ಒಂದು ಗುಡ್ಡದ ದಾರಿಯ ಬಗ್ಗೆ ಬರೆದಿದ್ದೆ. ‘ಮನುಷ್ಯರ ಕಾಲು ಸೋಕದ’ ಎಂಬ ಮಾತು ಅದರಲ್ಲಿತ್ತು. ಆ ದಾರಿಯ ಎರಡನೇ ತಿರುವಿನಲ್ಲೇ ದನ ಬಾರದಂತೆ ಬಿದಿರಿನ ಗಳ ಸಿಕ್ಕಿಸಿದ ಉಣಗೋಲಿತ್ತು. ಅಲ್ಲಿಂದ ಕೂಗಳತೆಯಲ್ಲಿ ಹಾಸುಗಲ್ಲಿನ ಮೆಟ್ಟಿಲುಗಳು. ಮನುಷ್ಯರ ಕಾಲು ಸೋಕದೆ ಕಲ್ಲು ತಾನಾಗಿ ಮೆಟ್ಟಿಲಾಗಿ ಕೂರುತ್ತದೆಯೇ? ಲೇಖನ ಓದಿದ ಆ ಊರಿನ ಹಿರಿಯರೊಬ್ಬರು, ‘ನಮ್ಮನ್ನು ಮನುಷ್ಯರ ಲೆಕ್ಕದಿಂದಲೇ ತೆಗೆದ್ರಲ್ಲ ಮಾರಾಯ್ರೆ’ ಎಂದು ನಕ್ಕರು. ಬೈದಿದ್ದರೆ ಮರೆತುಬಿಡುತ್ತಿದ್ದೆ; ನಕ್ಕದ್ದು ಇನ್ನೂ ಚುಚ್ಚುತ್ತದೆ. ಹಾಗಾಗಿ ಈ ಸಲ ಊರಿನ ಹೆಸರು ಬರೆಯುವುದಿಲ್ಲ. ಸಂಸೆಯಿಂದ ಒಳಗೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿಗೆ, ಹನ್ನೊಂದು ಮನೆಗಳಿರುವ ಜಾಗ ಎಂದಷ್ಟೇ ತಿಳಿದುಕೊಳ್ಳಿ. ಹೆಸರು ಹಾಕಿದರೆ ಮುಂದಿನ ಶುಕ್ರವಾರ ರಾತ್ರಿ ಅಲ್ಲಿಗೂ ಒಂದು ಬಸ್ಸು ಹೊರಡುತ್ತದೆ.

ಹೋದ ನವೆಂಬರಿನಲ್ಲಿ ಮತ್ತೆ ಅಲ್ಲಿಗೆ ಹೋಗಿದ್ದೆ. ಶನಿವಾರ ಬೆಂಗಳೂರಿನ ತಂಡವೊಂದು ಬರುವುದಿತ್ತು. ಅವರಿಗೆ ದಾರಿ ತೋರಿಸಬೇಕಾದವನು ಶುಕ್ರವಾರ ಬೆಳಿಗ್ಗೆಯೇ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಹೊರಟ. ನಲವತ್ತು ದಾಟಿದ ಆಳು, ಊರಿನ ಹುಡುಗರಿಗೆಲ್ಲ ಅಣ್ಣ. ನಾನೂ ಹಿಂದೆ ಹೊರಟೆ. ಎಲ್ಲಿಗೆ ಎಂದರೆ, ‘ದಾರಿ ಸವರಿ ಬರುವ, ಮಳೆಗಾಲ ಮುಗಿದ ಮೇಲೆ ಯಾರೂ ಹೋಗ್ಲಿಲ್ಲ’ ಎಂದ.

ದಾರಿ ಸವರುವುದು ಎಂದರೆ ಏನೆಂದು ಅವತ್ತು ಸರಿಯಾಗಿ ನೋಡಿದೆ. ನಾಲ್ಕು ತಿಂಗಳ ಮಳೆಗೆ ಕಮ್ಯುನಿಸ್ಟ್ ಗಿಡ ಎರಡೂ ಕಡೆಯಿಂದ ಬಾಗಿ ದಾರಿಯನ್ನು ಮುಚ್ಚಿರುತ್ತದೆ. ಅದನ್ನು ಬುಡಕ್ಕೆ ಕಡಿಯಬೇಕು. ಮೇಲೆ ಕಡಿದರೆ ಚೂಪಾದ ಕೂಳೆ ಉಳಿದು ಕಾಲಿಗೆ ಹೊಗುತ್ತದೆ. ಸೀಗೆ ಬಳ್ಳಿಯನ್ನು ಕೈಯಿಂದ ಎಳೆಯದೆ ಕತ್ತಿಯ ಮೂತಿಯಿಂದ ಎತ್ತಿ ಪಕ್ಕಕ್ಕೆ ಹಾಕಬೇಕು. ಇದೆಲ್ಲ ಸುಲಭದ ಭಾಗ. ಕಷ್ಟದ್ದು ನೀರಿನ ಕೆಲಸ. ಇಳಿಜಾರಿನಲ್ಲಿ ಹತ್ತಿಪ್ಪತ್ತು ಹೆಜ್ಜೆಗೊಂದು ಕಡೆ ಅವನು ನಿಂತು, ಹಾರೆಯ ತುದಿಯಿಂದ ದಾರಿಗೆ ಅಡ್ಡವಾಗಿ ಓರೆಯಲ್ಲಿ ಒಂದು ಗೇಣಗಲದ ಕಾಲುವೆ ಬಿಡಿಸುತ್ತಿದ್ದ. ಅದರ ಕೆಳಬದಿಗೆ ಎರಡು ಕಲ್ಲು ಇಟ್ಟು ಮಣ್ಣು ತುಳಿಯುತ್ತಿದ್ದ. ‘ನೀರು ದಾರಿ ಹಿಡಿದ್ರೆ ದಾರಿ ಹೋಯ್ತು. ಅದನ್ನ ಅಲ್ಲಲ್ಲೇ ಕೆಳಗೆ ಇಳಿಸ್ಬೇಕು’ ಎಂದ. ಇಪ್ಪತ್ತೆಂಟು ಕಡೆ ಹಾಗೆ ಮಾಡಿದ. ಎಣಿಸುವುದೊಂದೇ ನನಗೆ ಬರುವ ಕೆಲಸವಾದ್ದರಿಂದ ನಾನು ಎಣಿಸಿದೆ.

ಮಧ್ಯಾಹ್ನ ಹಳ್ಳದ ಹತ್ತಿರ ಬಂದಾಗ ಊರಿನ ಇನ್ನೂ ಮೂವರು ಅಲ್ಲಿದ್ದರು. ಹಳ್ಳ ದಾಟಲು ಇದ್ದು, ಮಳೆಗಾಲದಲ್ಲಿ ಕೊಚ್ಚಿಹೋದ ಸಂಕವನ್ನು ಮತ್ತೆ ಹಾಕುವುದಿತ್ತು. ಅಡಕೆ ಮರ ಸೀಳಿದ ದಬ್ಬೆಗಳು, ಎರಡು ದಡದಲ್ಲಿ ಕವೆಗೋಲು, ಕಟ್ಟಲು ಬಳ್ಳಿಯ ಬದಲು ಈಗ ಹಸಿರು ಪ್ಲಾಸ್ಟಿಕ್ ಹಗ್ಗ, ಕೈ ಹಿಡಿಯಲು ಒಂದೇ ಒಂದು ಬಿದಿರು. ಸಂಜೆಯ ಹೊತ್ತಿಗೆ ಮುಗಿಯಿತು. ಕೂಲಿ ಯಾರದು ಎಂದು ಕೇಳಿದ್ದಕ್ಕೆ ನಾಲ್ವರೂ ನನ್ನ ಮುಖ ನೋಡಿದರು.

ಶನಿವಾರ ಬಂದವರು ನಲವತ್ತೆರಡು ಮಂದಿ. ಇಡೀ ರಾತ್ರಿ ಬಸ್ಸಿನಲ್ಲಿ ಕುಳಿತು, ಕೊನೆಗೆ ಜೀಪಿನಲ್ಲಿ ಎಲುಬು ಕಲಸಿಕೊಂಡು ಬಂದಿದ್ದರೂ ಉಲ್ಲಾಸದಲ್ಲೇ ಇದ್ದರು. ಕೆಟ್ಟ ಹುಡುಗರೇನಲ್ಲ, ಅಂಗಳದಲ್ಲಿ ಚಪ್ಪಲಿ ಸಾಲಾಗಿ ಬಿಟ್ಟರು. ಅವರ ಜತೆಗೆ ತಂಡದ ನಾಯಕ ಎನಿಸಿಕೊಂಡ ಇಪ್ಪತ್ನಾಲ್ಕರ ಹರೆಯದವನೊಬ್ಬ ಇದ್ದ, ಕೊರಳಲ್ಲಿ ಸೀಟಿ. ಆತ ಅಂಗಳದಲ್ಲಿ ನಿಂತು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಉಪದೇಶ ಮಾಡಿದ. ಹೆಜ್ಜೆಗುರುತಿನ ಹೊರತು ಏನನ್ನೂ ಬಿಡಬೇಡಿ, ಫೋಟೊದ ಹೊರತು ಏನನ್ನೂ ತೆಗೆದುಕೊಳ್ಳಬೇಡಿ ಎಂದ. ಕೊನೆಗೆ, ಒಲೆಯ ಹತ್ತಿರ ನಿಂತಿದ್ದ ನಮ್ಮವನ ಕಡೆ ಕೈ ತೋರಿಸಿ, ಇವರು ನಮ್ಮ ಲೋಕಲ್ ಗೈಡ್ ಎಂದ. ಚಪ್ಪಾಳೆ ಬಿತ್ತು. ಎರಡು ದಿನದಲ್ಲಿ ಅವನ ಪಾಲಿಗೆ ಬಂದ ಗೌರವ ಅದೇ ಮೊದಲು, ಅದೇ ಕೊನೆ.

ಆ ‘ಹೆಜ್ಜೆಗುರುತು’ ಎಂಬ ಮಾತನ್ನೇ ಹಿಡಿದು ನೋಡೋಣ. ಎಲ್ಲಿಂದಲೋ ಬಂದ ಘೋಷವಾಕ್ಯ ಇದು, ನಮ್ಮ ಘಟ್ಟಕ್ಕೆ ಹೊಂದುವುದಿಲ್ಲ. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಇಳಿಜಾರಿನಲ್ಲಿ ಕೇಡು ಮಾಡುವುದು ಹೆಜ್ಜೆಗುರುತೇ. ಶೋಲಾ ಕಾಡಿನ ಮೇಲಿನ ಹುಲ್ಲುಗಾವಲಿನಲ್ಲಿ ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಊರಿನವರು ಅಲ್ಲಿ ಒಬ್ಬರ ಹಿಂದೆ ಒಬ್ಬರು ಒಂದಾಳಿನ ಅಗಲದ ದಾರಿಯಲ್ಲಿ ನಡೆಯುತ್ತಾರೆ, ತಿರುವು ಬಂದಲ್ಲಿ ತಿರುಗುತ್ತಾರೆ. ನಲವತ್ತೆರಡು ಜನ ಗುಂಪಾಗಿ ಬಂದಾಗ ಇಬ್ಬರು ಮೂವರು ಸಾಲು ಕಟ್ಟಿ ಮಾತಾಡುತ್ತ ನಡೆಯುತ್ತಾರೆ, ಹಿಂದಿನವರು ಮುಂದಿನವರನ್ನು ದಾಟುತ್ತಾರೆ, ಇಳಿಯುವಾಗ ತಿರುವು ಬಿಟ್ಟು ನೇರಕ್ಕೆ ಜಾರುತ್ತಾರೆ. ಹುಲ್ಲು ಸುಲಿದು ಕೆಮ್ಮಣ್ಣು ಕಾಣಿಸುತ್ತದೆ. ಮುಂದಿನ ಜೂನಿನಲ್ಲಿ ನೀರು ಆ ನೇರ ಗೆರೆಯನ್ನು ಹಿಡಿಯುತ್ತದೆ. ಎರಡು ಮಳೆಗಾಲ ಕಳೆದರೆ ಅದು ಸೊಂಟದಾಳದ ಕೊರಕಲು. ಭಾನುವಾರ ಸಂಜೆ ನಾನು ಆ ಇಪ್ಪತ್ತೆಂಟು ಕಾಲುವೆಗಳನ್ನು ಹುಡುಕಿಕೊಂಡು ಹೋದೆ. ಹತ್ತೊಂಬತ್ತು ತುಳಿದು ಮುಚ್ಚಿಹೋಗಿದ್ದವು. ಪ್ಲಾಸ್ಟಿಕ್ ಮಾತ್ರ ಒಂದು ಚೂರೂ ಬಿದ್ದಿರಲಿಲ್ಲ. ಅದನ್ನು ಅವರು ಚೀಲದಲ್ಲಿ ತುಂಬಿಕೊಂಡು ಹೋಗಿದ್ದರು, ಆ ಚೀಲದ ಜತೆ ಫೋಟೊ ಕೂಡ ತೆಗೆಸಿಕೊಂಡಿದ್ದರು.

ಈ ದಾರಿಗಳು ಪ್ರಕೃತಿ ಕೊಟ್ಟ ವರ ಎಂದು ತಿಳಿಯುವುದರಲ್ಲೇ ಮೊದಲ ತಪ್ಪಿದೆ. ಅವು ಯಾರೋ ಹಾಕಿದವು. ‘ಚಾರಣ’ ಎಂಬ ಮಾತು ನಮ್ಮ ಬಾಯಿಗೆ ಬಂದದ್ದು ಈಚೆಗೆ. ಅದಕ್ಕೆ ಮುಂಚೆ ಇದ್ದದ್ದು ಘಟ್ಟ ಹತ್ತುವುದು, ಘಟ್ಟ ಇಳಿಯುವುದು. ಉಪ್ಪು, ಒಣಮೀನು, ತೆಂಗಿನಕಾಯಿ ಕೆಳಗಿನಿಂದ ಮೇಲೆ. ಅಕ್ಕಿ, ಅಡಕೆ, ಏಲಕ್ಕಿ ಮೇಲಿನಿಂದ ಕೆಳಗೆ. ಹೇರೆತ್ತಿನ ಮೇಲೆ, ಇಲ್ಲವಾದರೆ ತಲೆಯ ಮೇಲೆ. ಯಾರ ತಲೆ ಎಂದು ಕೇಳಿದರೆ ‘ಸಾಂಪ್ರದಾಯಿಕ ಹಳ್ಳಿಯ ಸೊಗಡು’ ಎಂಬ ಮಾತಿಗೆ ಸ್ವಲ್ಪ ಕಷ್ಟವಾಗುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ನಾಯಿಗುತ್ತಿ ತನ್ನ ನಾಯಿ ಹುಲಿಯನನ್ನು ಕಟ್ಟಿಕೊಂಡು ಕಾಡುದಾರಿಯಲ್ಲಿ ನಡೆದದ್ದು ವಾರಾಂತ್ಯದ ವಿಹಾರಕ್ಕಲ್ಲ. ಅವನು ಒಡೆಯರ ಜೀತದಾಳು. ಆ ದಾರಿಯ ಒಂದೊಂದು ಏರಿನಲ್ಲೂ ಜಾತಿಯಿದೆ, ಸಾಲವಿದೆ, ಭಯವಿದೆ. ಹೋಂಸ್ಟೇ ಜಾಹೀರಾತಿನಲ್ಲಿ ಇವತ್ತು ಚೆಂದವಾಗಿ ಕಾಣುವ ಜಗುಲಿಯ ಮೇಲೆ ಯಾರು ಕೂರಬಹುದಿತ್ತು, ಯಾರು ಅಂಗಳದಾಚೆ ನಿಂತೇ ಮಾತಾಡಬೇಕಿತ್ತು ಎಂಬುದನ್ನು ಯಾವ ಗೈಡೂ ಹೇಳುವುದಿಲ್ಲ. ಹೇಳಿದರೆ ಅತಿಥಿಗಳ ಮೂಡು ಹಾಳಾಗುತ್ತದೆ. ಹಳೆಯದನ್ನು ಉಳಿಸುತ್ತೇವೆ ಎನ್ನುವವರು ಹಳೆಯದರಲ್ಲಿ ಫೋಟೊಗೆ ಒದಗುವುದನ್ನಷ್ಟೇ ಆರಿಸಿಕೊಂಡಿದ್ದಾರೆ: ಜಗುಲಿ, ತಾಮ್ರದ ಹಂಡೆ, ಕಂಬಳಿಕೊಪ್ಪೆ.

ಇನ್ನು ನಾಲ್ಕು ಕಾಸಿನ ಮಾತು. ಇದು ಈ ವಾದದ ಗಟ್ಟಿ ಭಾಗ, ಹಾಗಾಗಿ ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ಕಳಸದ ಸುತ್ತ ಜೀಪು ಇಟ್ಟುಕೊಂಡು ಬದುಕು ಕಟ್ಟಿಕೊಂಡ ಹುಡುಗರಿದ್ದಾರೆ. ಬೆಂಗಳೂರಿಗೆ ಹೋಗಿ ಹೋಟೆಲಿನಲ್ಲಿ ತಟ್ಟೆ ಎತ್ತಬೇಕಿದ್ದವರು ಊರಲ್ಲೇ ಉಳಿದಿದ್ದಾರೆ. ಇದು ಸಣ್ಣ ವಿಷಯವಲ್ಲ. ಆದರೆ ಇವರೆಲ್ಲ ಯಾಕೆ ಅತಿಥಿ ಸತ್ಕಾರಕ್ಕೆ ಇಳಿದರು ಎಂದು ಕೇಳಬೇಕು. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ದಶಕಗಳಿಂದ ಅಡಕೆ ತೋಟಗಳನ್ನು ತಿನ್ನುತ್ತಿದೆ; ಅದಕ್ಕೆ ಮದ್ದಿಲ್ಲ. ಈಚಿನ ವರ್ಷಗಳಲ್ಲಿ ಕಳಸದ ಸುತ್ತ ಎಲೆಚುಕ್ಕಿ ರೋಗ ಬಂದು, ಗುಡ್ಡದ ಮೇಲಿಂದ ನೋಡಿದರೆ ತೋಟಕ್ಕೆ ತೋಟವೇ ಬೆಂಕಿ ತಗುಲಿದ ಹಾಗೆ ಕಾಣುತ್ತದೆ. ಮೇಲಿಂದ ಕೊಳೆರೋಗ, ಮಂಗ, ಕಾಡುಕೋಣ. ತೋಟ ಕೈಬಿಟ್ಟ ಮನೆಯವರು ಉಪ್ಪರಿಗೆಗೆ ಹಾಸಿಗೆ ಹಾಕಿದ್ದಾರೆ, ಅಷ್ಟೆ. ಚಾರಣ ಹಳ್ಳಿಯನ್ನು ಉದ್ಧಾರ ಮಾಡಿತು ಎನ್ನುವವರು ಅಡಕೆಯ ಸಾವನ್ನು ತಮ್ಮ ಪುಣ್ಯದ ಖಾತೆಗೆ ಬರೆದುಕೊಳ್ಳುತ್ತಿದ್ದಾರೆ.

ಹೋಂಸ್ಟೇ ಎನ್ನುವುದು ಕೊನೆಗೆ ಒಂದು ಅಡುಗೆಮನೆ. ಇದನ್ನು ಯಾರೂ ಹೇಳುವುದಿಲ್ಲ. ಈ ಊರಿನಲ್ಲಿ ಚಾರಣದ ಕಾಲ ಶುರುವಾಗುವುದು ಮಳೆ ನಿಂತ ಮೇಲೆ, ಅಂದರೆ ಸರಿಯಾಗಿ ಕೊನೆಕೊಯ್ಲಿನ ಕಾಲಕ್ಕೆ. ಗಂಡಸರು ಕೊನೆ ಇಳಿಸುವುದು, ಹೆಂಗಸರು ರಾತ್ರಿ ಹನ್ನೊಂದು ಹನ್ನೆರಡರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಎಲ್ಲ ಆಗಲೇ. ನಾನು ಉಳಿದಿದ್ದ ಮನೆಯ ಅಮ್ಮ ಶನಿವಾರ ರಾತ್ರಿ ನಲವತ್ತೆರಡು ಮಂದಿಗೆ ಅನ್ನ, ಸಾರು, ಪಲ್ಯ, ಹಪ್ಪಳ ಬಡಿಸಿ, ಪಾತ್ರೆ ತೊಳೆದು, ಆಮೇಲೆ ಸುಲಿಯಲು ಕೂತರು. ಮೇಲೆ ಗಿಟಾರ್ ನಡೆಯುತ್ತಿತ್ತು. ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಂಡೆ ಒಲೆಗೆ ಬೆಂಕಿ ಹಾಕಿ ನೀರುದೋಸೆ ಹೊಯ್ಯಲು ಶುರು ಮಾಡಿದರು. ಒಬ್ಬರಿಗೆ ಮೂರು ಎಂದರೂ ನೂರಿಪ್ಪತ್ತಾರು ದೋಸೆ. ಒಂದು ಕಾವಲಿ. ದೋಸೆ ತಣ್ಣಗಿದೆ ಎಂದು ಒಬ್ಬಳು ಹುಡುಗಿ ಮೆಲ್ಲಗೆ ಹೇಳಿದಳು. ಅಮ್ಮ ಕ್ಷಮೆ ಕೇಳಿದರು. ‘ನಾಳೆ ಒಂದಿನ ಮಲಗ್ತೇನೆ’ ಎಂದು ನನಗೆ ಹೇಳಿದ್ದು ಆಮೇಲೆ. ಸೋಮವಾರ ಅವರು ಮಲಗಲಿಲ್ಲ. ನಲವತ್ತೆರಡು ಹಾಸಿಗೆಯ ಹೊದಿಕೆ ಒಗೆಯುವುದಿತ್ತು, ಅಬ್ಬಿಯಿಂದ ಪೈಪಿನಲ್ಲಿ ಬರುವ ನೀರು ಶನಿವಾರವೇ ಸಣ್ಣಗಾಗಿತ್ತು.

ಆ ತಂಡದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಬ್ಬೊಬ್ಬರು ಕೊಟ್ಟದ್ದು ಮೂರು ಸಾವಿರದ ಎಂಟುನೂರು ಎಂದು ಬಂದ ಹುಡುಗರೇ ಹೇಳಿದರು. ನಲವತ್ತೆರಡು ಮಂದಿಗೆ ಸುಮಾರು ಒಂದು ಲಕ್ಷ ಅರವತ್ತು ಸಾವಿರವಾಯಿತು. ನಮ್ಮ ಗೈಡಿಗೆ ಎರಡು ದಿನಕ್ಕೆ ಸಿಕ್ಕಿದ್ದು ಎರಡು ಸಾವಿರ. ನೂರಕ್ಕೆ ಒಂದೂಕಾಲು ರೂಪಾಯಿ. ಶುಕ್ರವಾರದ ಸವರುವಿಕೆಗೆ, ಸಂಕಕ್ಕೆ ಏನೂ ಇಲ್ಲ. ಅದು ಯಾರ ಪಟ್ಟಿಯಲ್ಲೂ ಕೆಲಸವೇ ಅಲ್ಲ. ಬಸ್ಸಿಗೆ, ಜೀಪಿಗೆ, ಪರವಾನಗಿಗೆ ಖರ್ಚಿದೆ, ಒಪ್ಪಿದೆ. ಇದು ಒಂದೇ ತಂಡದ ಲೆಕ್ಕ, ಎಲ್ಲರೂ ಹೀಗೇ ಎಂದು ಸಾಧಿಸಲು ಹೊರಟಿಲ್ಲ. ಆದರೆ ‘ಸ್ಥಳೀಯರಿಗೆ ಉದ್ಯೋಗ’ ಎಂಬ ಮಾತನ್ನು ಇನ್ನು ಮುಂದೆ ಯಾರಾದರೂ ಆಡಿದರೆ, ಎಷ್ಟು ರೂಪಾಯಿಯ ಉದ್ಯೋಗ ಎಂದು ಕೇಳುವ ಹಕ್ಕನ್ನು ನಾನು ಬಿಟ್ಟುಕೊಡುವುದಿಲ್ಲ.

ದುಡ್ಡಿಗಿಂತ ಹೆಚ್ಚು ನನ್ನನ್ನು ಕೆರಳಿಸುವುದು ಗೈಡಿನ ಮಾತಿಗೆ ಬೆಲೆಯಿಲ್ಲದಿರುವುದು. ಭಾನುವಾರ ಒಂಬತ್ತರ ಹೊತ್ತಿಗೆ ಶಿಖರದ ಕೆಳಗಿನ ಹುಲ್ಲುಗಾವಲಿನಲ್ಲಿ ಮಂಜು ಕವಿಯಿತು. ನಮ್ಮವನು ನಿಂತು, ಸ್ವಲ್ಪ ಕೂತುಕೊಳ್ಳುವ, ಇಲ್ಲಿ ಬಲಗಡೆ ಬಂಡೆ ಕಡಿದಿದೆ ಎಂದ. ಸೀಟಿಯವನು ಕೈಗಡಿಯಾರ ನೋಡಿದ. ಬಸ್ಸು ಐದಕ್ಕೆ ಹೊರಡಬೇಕು, ಶಿಖರ ಆಗದಿದ್ದರೆ ಕೆಳಗೆ ಹೋದ ಮೇಲೆ ರೇಟಿಂಗಿನಲ್ಲಿ ನಕ್ಷತ್ರ ಕಡಿಮೆ ಕೊಡುತ್ತಾರೆ. ಹೊರಟೇಬಿಟ್ಟರು. ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಅವತ್ತು ಆ ಗುಡ್ಡದಲ್ಲಿ ತೀರ್ಮಾನ ಮಾಡಿದವನಿಗೆ ಗುಡ್ಡ ಗೊತ್ತಿರಲಿಲ್ಲ, ಗೊತ್ತಿದ್ದವನಿಗೆ ತೀರ್ಮಾನದ ಅಧಿಕಾರವಿರಲಿಲ್ಲ.

ಗೊತ್ತಿರುವುದು ಎಂದರೆ ಮರದ ಹೆಸರು ಹೇಳುವುದಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಈಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಗೂ ಬಂದಿದೆ. ಅದನ್ನು ಹರಡುವ ಉಣುಗು ಒಣಗಿ ಬಿದ್ದ ಎಲೆಯ ದರಕಿನಲ್ಲಿ ಇರುತ್ತದೆ. ಹೆಚ್ಚು ಕಾಟ ಮಳೆಗಾಲ ಮುಗಿದು ಮುಂದಿನ ಮಳೆ ಬರುವವರೆಗೆ, ಅಂದರೆ ಚಾರಣದ ಕಾಲದುದ್ದಕ್ಕೂ. ಮಂಗ ಸತ್ತುಬಿದ್ದ ಸುದ್ದಿ ಬಂದರೆ ಊರಿನವರು ಆ ದಿಕ್ಕಿನ ಕಾಡಿಗೆ ಸೊಪ್ಪಿಗೂ ಹೋಗುವುದಿಲ್ಲ. ದರಕಿನ ಮೇಲೆ ಅಂಗಾತ ಮಲಗಿ ಆಕಾಶದ ಫೋಟೊ ತೆಗೆಯುತ್ತಿದ್ದ ಹುಡುಗನಿಗೆ ನಮ್ಮವನು ‘ಏಳಿ ಸಾರ್’ ಎಂದು ಎರಡು ಸಲ ಹೇಳಿದ. ಹುಡುಗ ನಕ್ಕು, ಇಂಬಳಕ್ಕೆ ನಾನು ಹೆದರುವುದಿಲ್ಲ ಎಂದ.

ಜನಸಂದಣಿಗೆ ಸರಕಾರ ಎಚ್ಚೆತ್ತದ್ದು 2024ರಲ್ಲಿ. ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಮಂದಿ ಜಾತ್ರೆಯ ಹಾಗೆ ಒತ್ತೊತ್ತಾಗಿ ನಿಂತ ವಿಡಿಯೊ ಊರೆಲ್ಲ ಓಡಾಡಿತು. ಅರಣ್ಯ ಸಚಿವ ಈಶ್ವರ ಖಂಡ್ರೆ ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ವಿಹಾರ ಎಂಬ ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಮಂದಿ ಮಾತ್ರ ಎಂಬ ಮಿತಿಯೂ ಬಂತು. ಸಾವಿರಾರು ಇದ್ದದ್ದು 300ಕ್ಕೆ ಇಳಿದರೆ ಒಳ್ಳೆಯದೇ. ಹನ್ನೊಂದು ಮನೆಯ ಊರಿಗೆ 300 ಎಂದರೆ ಏನು ಎಂದು ಮಾತ್ರ ಒಮ್ಮೆ ಲೆಕ್ಕ ಹಾಕಿ. ಅಬ್ಬಿ ನೀರು ಎಷ್ಟು ಮಂದಿಗೆ ಸಾಕು, ಸಂಕ ಎಷ್ಟು ಭಾರ ತಡೆಯುತ್ತದೆ, ಕೊನೆಕೊಯ್ಲು ಯಾವ ವಾರ ಎಂಬುದು ಬೆಂಗಳೂರಿನ ಸರ್ವರ್‌ಗೆ ಗೊತ್ತಿಲ್ಲ. ಗೊತ್ತಿರುವ ಹನ್ನೊಂದು ಮನೆಯವರನ್ನು ನಾನು ವಿಚಾರಿಸಿದೆ. ಅವರನ್ನು ಯಾರೂ ಕೇಳಿಲ್ಲ.

ಕೇಳದಿರುವುದು ಅಲ್ಲಿ ಹೊಸದೂ ಅಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನವಾದದ್ದು 1987ರಲ್ಲಿ. 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಇದೂ ಸೇರಿತು. ತಲೆಮಾರುಗಳಿಂದ ಒಳಗಿದ್ದ ಮಲೆಕುಡಿಯರು ಮತ್ತು ಇತರರು, ಅರಣ್ಯ ಹಕ್ಕು ಮಾನ್ಯವಾಗದ ಹೊರತು, ಈಗ ಸೀಗೆಕಾಯಿ ಕೊಯ್ದರೂ ಕಾನೂನಿನ ಪ್ರಕಾರ ತಪ್ಪಿತಸ್ಥರು. ಟಿಕೆಟ್ ತೆಗೆದುಕೊಂಡು ಬಂದವನು ಅತಿಥಿ. ಪುನರ್ವಸತಿಯ ಹಣ ತೆಗೆದುಕೊಂಡು ಹೊರಟ ಮನೆಗಳೂ ಇವೆ. ಜನ ಹೋದ ಹಾಗೆ ದಾರಿ ಸವರುವ ಕೈಗಳೂ ಹೋಗುತ್ತವೆ ಎಂಬುದು ಚಾರಣದ ಕ್ಯಾಲೆಂಡರ್ ಮಾಡುವವರಿಗೆ ಹೊಳೆದಂತಿಲ್ಲ.

‘ನೆಟ್‌ವರ್ಕ್ ಇಲ್ಲದ ಎರಡು ದಿನ, ಎಷ್ಟು ನೆಮ್ಮದಿ!’ ಎಂದು ಆ ತಂಡದ ಒಬ್ಬಾಕೆ ನನಗೆ ಹೇಳಿದಳು. ನಿಜವಾಗಿಯೂ ಖುಷಿಯಾಗಿದ್ದಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಅದೇ ಮನೆಯ ಅಜ್ಜನಿಗೆ ಎರಡು ವರ್ಷದ ಹಿಂದೆ ಎದೆನೋವು ಬಂದಾಗ ನೆಟ್‌ವರ್ಕ್ ಹುಡುಕಿಕೊಂಡು ಮಗ ಗುಡ್ಡ ಹತ್ತಿದ್ದ. ಪ್ಲಾಸ್ಟಿಕ್ ಕುರ್ಚಿಗೆ ಎರಡು ಗಳ ಕಟ್ಟಿ ಅಜ್ಜನನ್ನು ಜೀಪು ಸಿಗುವಲ್ಲಿಯವರೆಗೆ ಹೊತ್ತರು. ರೋಗಿಯನ್ನು ಹೀಗೆ ಕುರ್ಚಿಯಲ್ಲೋ ಜೋಲಿಯಲ್ಲೋ ಹೊರುವುದು ಆ ಕಡೆಯ ಒಳಹಳ್ಳಿಗಳಲ್ಲಿ ಅಪರೂಪವಲ್ಲ. ಮತ್ತೆ ಆ ಸಂಕ. ಶನಿವಾರ ಅದರ ಮೇಲೆ ನಿಂತು ನಲವತ್ತೆರಡು ಮಂದಿಯೂ ಫೋಟೊ ತೆಗೆಸಿಕೊಂಡರು. ಘಟ್ಟದ ಬುಡದ ಬೈಂದೂರು ತಾಲೂಕಿನಲ್ಲಿ 2022ರ ಆಗಸ್ಟಿನಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಬರುವಾಗ ಇಂಥದೇ ಕಾಲುಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಮಳೆಗಾಲದಲ್ಲಿ ಮಲೆನಾಡಿಗೂ ಕರಾವಳಿಗೂ ಕಾಲುಸಂಕ ಎಂದರೆ ಮಕ್ಕಳು ಮನೆ ಸೇರುವವರೆಗೆ ತಾಯಂದಿರ ಎದೆಯಲ್ಲಿ ಇರುವ ನಡುಕ. ಅದು ಹಾಗೇ ‘ಹಳೆಯ ಕಾಲದ್ದಾಗಿ’ ಉಳಿಯಲಿ ಎಂದು ಬಯಸುವ ಹಕ್ಕು ನವೆಂಬರಿನಲ್ಲಿ ಬಂದವರಿಗೆ ಇಲ್ಲ.

ಇಷ್ಟು ಹೇಳಿದಾಗ ಗೆಳೆಯರೊಬ್ಬರು, ‘ಗಣಿಗಿಂತ ವಾಸಿಯಲ್ಲವೇನಯ್ಯ?’ ಎಂದರು. ಕುದುರೆಮುಖದ ಕಬ್ಬಿಣದ ಗಣಿ ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಮುಚ್ಚಿತು. ಅದಕ್ಕಾಗಿ ಹೋರಾಡಿದವರಲ್ಲಿ ಈ ಗೆಳೆಯರೂ ಒಬ್ಬರು, ಅವರ ಮಾತಿಗೆ ತೂಕವಿದೆ. ಹೌದು, ಗಣಿಗಿಂತ ವಾಸಿ. ಆದರೆ ಗುಡ್ಡವನ್ನೇ ಅಗೆದು ಕೊಳವೆಯಲ್ಲಿ ಮಂಗಳೂರಿಗೆ ಕಳಿಸಿದವರ ಜತೆ ಹೋಲಿಸಿದರೆ ಯಾರು ತಾನೇ ವಾಸಿಯಲ್ಲ? ಆ ಅಳತೆಗೋಲು ಹಿಡಿದರೆ ನಾಳೆ ಏನು ಬಂದರೂ ಒಪ್ಪಬೇಕಾಗುತ್ತದೆ. ಗಣಿಯ ಕಾಲದಲ್ಲೂ ಒಳಹಳ್ಳಿಯವರನ್ನು ಕೇಳಿರಲಿಲ್ಲ, ಈಗಲೂ ಕೇಳುತ್ತಿಲ್ಲ. ಈ ಎರಡಕ್ಕೂ ಇರುವ ಹೋಲಿಕೆ ನನಗೆ ಅದರಲ್ಲೇ ಕಾಣುವುದು.

ಹಾಗಾದರೆ ಬರುವುದೇ ಬೇಡವೇ? ಬನ್ನಿ. ಮಲೆನಾಡು ಯಾವತ್ತೂ ನಡೆದು ಬಂದವರಿಗೆ ಬಾಗಿಲು ಹಾಕಿದ್ದಿಲ್ಲ. ಕುಕ್ಕೆಯಿಂದ ಕುಮಾರಪರ್ವತಕ್ಕೆ ಹತ್ತುವವರಿಗೆ ಗಿರಿಗದ್ದೆಯ ಭಟ್ಟರ ಮನೆ ವರ್ಷಗಟ್ಟಲೆ ಅನ್ನ ಹಾಕಿದೆ. ಅಲ್ಲಿ ಅತಿಥಿಗೆ ಪಟ್ಟಿ ತೋರಿಸಿ ಆರಿಸಿಕೊಳ್ಳಿ ಎನ್ನುವ ಪದ್ಧತಿಯಿರಲಿಲ್ಲ, ಮನೆಯಲ್ಲಿ ಇದ್ದದ್ದನ್ನೇ ಬಡಿಸುತ್ತಿದ್ದರು. ಚಿಕ್ಕಮಗಳೂರಿನ ಬಿಂಡಿಗದ ದೇವೀರಮ್ಮನ ಬೆಟ್ಟವನ್ನು ದೀಪಾವಳಿಯ ನರಕ ಚತುರ್ದಶಿಗೆ ಸಾವಿರಾರು ಮಂದಿ ಬರಿಗಾಲಲ್ಲಿ ಹತ್ತುತ್ತಾರೆ. ಹತ್ತಿ ಇಳಿದ ಮೇಲೆ ಬೆಟ್ಟಕ್ಕೆ ಮುಂದಿನ ದೀಪಾವಳಿಯವರೆಗೆ ಬಿಡುವು. ಅದರ ಗಲಾಟೆಯೂ ಕಡಿಮೆಯದಲ್ಲ, ಕಸವೂ ಬೀಳುತ್ತದೆ. ಆದರೆ ಯಾವಾಗ ಬರಬೇಕು, ಎಷ್ಟು ದಿನ ಬರಬಾರದು ಎಂಬುದನ್ನು ಆ ಊರಿನ ಪಂಚಾಂಗ ಹೇಳುತ್ತದೆ, ಬಂದವರ ರಜೆಯ ಪಟ್ಟಿಯಲ್ಲ.

ನಾನು ಕೇಳುತ್ತಿರುವುದು ಇದೇ. ತಿಂಗಳಿಗೆ ಎಷ್ಟು ದಿನ, ದಿನಕ್ಕೆ ಎಷ್ಟು ಮಂದಿ, ಯಾವ ವಾರ ಬೇಡ ಎಂಬುದನ್ನು ಗ್ರಾಮಸಭೆ ತೀರ್ಮಾನಿಸಲಿ. ಸವರುವಿಕೆಗೆ, ಸಂಕಕ್ಕೆ ಟಿಕೆಟ್ಟಿನಲ್ಲೇ ಕೂಲಿ ಸೇರಲಿ. ಅಡುಗೆಮನೆಯವರು ಹನ್ನೆರಡು ಮಂದಿಗಿಂತ ಹೆಚ್ಚು ಆಗದು ಎಂದರೆ ಅದೇ ಕೊನೆಯ ಮಾತಾಗಲಿ. ಮಂಜು ಕವಿದಾಗ ಊರಿನ ಗೈಡ್ ‘ಇಲ್ಲಿಂದ ವಾಪಸ್’ ಎಂದರೆ ಸೀಟಿ ಊದುವವನು ಬಾಯಿ ಮುಚ್ಚಿಕೊಂಡು ವಾಪಸಾಗಲಿ. ಇದರಿಂದ ಚಾರಣ ದುಬಾರಿಯಾಗುತ್ತದೆ, ಬಡ ವಿದ್ಯಾರ್ಥಿಗಳಿಗೆ ಕೈಗೆಟುಕುವುದಿಲ್ಲ ಎನ್ನುವವರಿದ್ದಾರೆ. ಅಗ್ಗವಾಗಿರುವುದಕ್ಕೆ ಇಷ್ಟು ದಿನ ಕಾಸು ಕೊಟ್ಟವರು ಯಾರು ಎಂದು ಅವರು ಆ ಅಡುಗೆಮನೆಯ ಅಮ್ಮನನ್ನು ಕೇಳಬೇಕು.

ಈ ಲೇಖನ ಮುಗಿಸುವ ಮೊದಲು ಊರಿಗೆ ಫೋನ್ ಮಾಡಿದ್ದೆ. ಮೂರನೇ ಸಲಕ್ಕೆ ಸಿಕ್ಕಿತು. ಮುಂದಿನ ವಾರ ಎರಡು ತಂಡ ಇದೆಯಂತೆ. ಸಂಕದ ಒಂದು ದಬ್ಬೆ ಆಗಲೇ ಬಿರಿದಿದೆಯಂತೆ. ಎಲೆಚುಕ್ಕಿಗೆ ಸತ್ತ ಅಡಕೆ ಮರ ತೋಟದ ತುಂಬ ಇರುವುದರಿಂದ ದಬ್ಬೆಗೇನೂ ಬರವಿಲ್ಲ. ಆದರೆ ಮೊದಲಿನ ವರ್ಷ ಸಂಕ ಹಾಕಲು ಸೇರಿದ್ದವರು ಆರು ಮಂದಿ, ಹೋದ ನವೆಂಬರಿನಲ್ಲಿ ನಾಲ್ಕು. ಆ ನಾಲ್ವರಲ್ಲಿ ಒಬ್ಬ ಪುನರ್ವಸತಿಗೆ ಅರ್ಜಿ ಕೊಟ್ಟಿದ್ದಾನೆ.